ಐದು ನಿಮಿಷದ ಮಾತು

ನನ್ನ ಮಗನಿಗೆ ಆಗ ಐದು ವರ್ಷ, ಮಗಳಿಗೆ ಮೂರು. ಕಚೇರಿಯ ಕೆಲಸವನ್ನು ಮನೆಗೂ ತಂದು ಮಾಡುತ್ತಿದ್ದ ದಿನಗಳು. ಒಂದು ಸಂಜೆ ಅವನು ಚಿತ್ರದ ಪುಸ್ತಕ ಹಿಡಿದು ಬಂದ. "ಐದು ನಿಮಿಷ ಇರು ಕಂದ, ಬಂದೆ" ಎಂದೆ. ಅವನು ಹಟ ಮಾಡಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ತಂಗಿಯ ಕಡೆ ತಿರುಗಿ, "ಅಮ್ಮ ಬರುವುದಿಲ್ಲ, ನಾವೇ ಬರೆಯೋಣ" ಎಂದ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಹೊರಗೆ ಮಳೆ ಬರುತ್ತಿದೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದ್ದ. ಅದೇ ನನ್ನನ್ನು ಚುಚ್ಚಿತು. ನನ್ನ ಮಾತಿಗೆ ಬೆಲೆ ಇಲ್ಲ ಎಂಬುದನ್ನು ಅವನು ಯಾವಾಗಲೋ ಕಲಿತು ಮುಗಿಸಿದ್ದ.

ಮರುದಿನದಿಂದ ಒಂದು ವಾರ, ಮಕ್ಕಳಿಗೆ ಕೊಟ್ಟ ಪ್ರತಿಯೊಂದು ಮಾತನ್ನೂ ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಆಮೇಲೆ ಕಥೆ ಹೇಳುತ್ತೇನೆ, ನಾಳೆ ಹೊರಗೆ ಹೋಗೋಣ, ಭಾನುವಾರ ಸೈಕಲ್ ಸರಿ ಮಾಡಿಸೋಣ. ವಾರದ ಕೊನೆಯಲ್ಲಿ ನೋಡಿದರೆ, ಅರ್ಧದಷ್ಟನ್ನೂ ಉಳಿಸಿಕೊಂಡಿರಲಿಲ್ಲ. ಬಹುತೇಕ ಮಾತುಗಳನ್ನು ನಾನು ಆಡಿದ್ದೇ ಆ ಕ್ಷಣಕ್ಕೆ ಮಕ್ಕಳು ಸುಮ್ಮನಾಗಲಿ ಎಂದು.

ಹಾಗಾಗಿ ಮೊದಲು ಮಾಡಿದ್ದು ಮಾತು ಕೊಡುವುದನ್ನು ಕಡಿಮೆ ಮಾಡಿದ್ದು. ಆಗದ್ದನ್ನು "ಆಗುವುದಿಲ್ಲ" ಎಂದು ನೇರವಾಗಿ ಹೇಳಲು ಶುರುಮಾಡಿದೆ. ಇದು ಸುಲಭವಾಗಿರಲಿಲ್ಲ. "ನಾಳೆ ನೋಡೋಣ" ಎಂದರೆ ನಗುತ್ತಾ ಓಡುವ ಮಗು "ಇಲ್ಲ" ಎಂದರೆ ಅಳುತ್ತದೆ. ಸುಮ್ಮನೆ ಒಂದು ಹೂಂ ಅಂದುಬಿಡಬಾರದೇ ಎಂದು ಮನೆಯ ಹಿರಿಯರೂ ಕೇಳಿದರು. ಆ ಒಂದು ಹೂಂ ಎಷ್ಟು ದುಬಾರಿ ಎಂಬುದನ್ನು ಅವರಿಗೆ ವಿವರಿಸಲು ನನಗೆ ಆಗ ಬರುತ್ತಿರಲಿಲ್ಲ.

ಐದು ನಿಮಿಷ ಎಂದು ಹೇಳಲೇಬೇಕಾದಾಗ ಅಲಾರಾಂ ಗಡಿಯಾರವನ್ನು ಮಗನ ಕೈಗೇ ಕೊಟ್ಟೆ. ಅದು ಬಡಿದ ಕೂಡಲೇ ಏಳಬೇಕಾದವಳು ನಾನು. ಬರೆಯುತ್ತಿದ್ದ ವಾಕ್ಯ ಅರ್ಧಕ್ಕೇ ನಿಂತರೂ ಸರಿ.

ಬೆದರಿಕೆಯೂ ಕೊಟ್ಟ ಮಾತೇ ಎಂಬುದು ಹೊಳೆಯಲು ಇನ್ನಷ್ಟು ದಿನ ಬೇಕಾಯಿತು. "ಓದದಿದ್ದರೆ ಆಟಿಕೆಗಳನ್ನೆಲ್ಲ ಎಸೆದುಬಿಡುತ್ತೇನೆ" ಎನ್ನುತ್ತಿದ್ದೆ. ಎಸೆಯುವುದಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಹೀಗೆ ದಿನಕ್ಕೆ ನಾಲ್ಕು ಸಲ ಪೊಳ್ಳು ಮಾತು ಕೇಳಿ ಬೆಳೆದ ಮಗು, ತಾನು ಆಡುವ ಮಾತಿಗೆ ತೂಕ ಇರಬೇಕು ಎಂದು ಎಲ್ಲಿಂದ ಕಲಿಯಬೇಕು? ಸುಳ್ಳು ಹೇಳಬೇಡ ಎಂದು ಬೋಧಿಸುತ್ತಿದ್ದ ನಾನೇ ಒಮ್ಮೆ ಫೋನ್ ಬಂದಾಗ "ಅಮ್ಮ ಮನೆಯಲ್ಲಿಲ್ಲ ಎಂದು ಹೇಳು" ಎಂದು ಮಗಳ ಕೈಗೆ ಕೊಟ್ಟಿದ್ದೆ. "ನೀನು ಇಲ್ಲೇ ಇದ್ದೀಯಲ್ಲ ಅಮ್ಮಾ?" ಎಂದು ಅವಳು ಫೋನ್ ಹಿಡಿದುಕೊಂಡೇ ಕೇಳಿದಳು. ಆ ಕರೆಯನ್ನು ನಾನೇ ತೆಗೆದುಕೊಂಡು, ಈಗ ಮಾತನಾಡಲು ಆಗುವುದಿಲ್ಲ ಎಂದು ಹೇಳಿದೆ. ಅಷ್ಟು ಹೇಳಲು ಧೈರ್ಯವೇನೂ ಬೇಕಿರಲಿಲ್ಲ. ಮೊದಲೇ ಹೇಳಬಹುದಿತ್ತು.

ಎಲ್ಲ ಮಾತನ್ನೂ ಉಳಿಸಿಕೊಂಡೆ ಎಂದಲ್ಲ. ಮಗಳ ಶಾಲೆಯ ನಾಟಕಕ್ಕೆ ಖಂಡಿತ ಬರುತ್ತೇನೆ ಎಂದವಳು, ನಾಟಕ ಮುಗಿದು ಕುರ್ಚಿ ಎತ್ತಿಡುವ ಹೊತ್ತಿಗೆ ತಲುಪಿದೆ. ದಾರಿಯಲ್ಲಿ ಏನಾದರೂ ಉಡುಗೊರೆ ಕೊಳ್ಳುವ ಮನಸ್ಸಾಗಿತ್ತು. ಕೊಳ್ಳಲಿಲ್ಲ. ಕಚೇರಿಯಲ್ಲಿ ಏನಾಯಿತೆಂದರೆ ಎಂದು ಶುರುಮಾಡುವ ಮನಸ್ಸೂ ಆಗಿತ್ತು. "ಆದರೆ" ಎಂಬ ಪದ ಬಂದ ಕೂಡಲೇ ಕ್ಷಮೆ ವಾದವಾಗುತ್ತದೆ, ಮಗು ನ್ಯಾಯಾಧೀಶನಾಗಬೇಕಾಗುತ್ತದೆ. ಅವಳ ಮುಂದೆ ಕೂತು, "ಬರುತ್ತೇನೆ ಎಂದಿದ್ದೆ, ಬರಲಿಲ್ಲ, ತಪ್ಪು ನನ್ನದು" ಎಂದಷ್ಟೇ ಹೇಳಿದೆ. ಅವಳು ಅತ್ತಳು. ನಾನು ಸಮಾಧಾನದ ಮಾತು ಹುಡುಕದೆ ಪಕ್ಕದಲ್ಲೇ ಇದ್ದೆ. ಎರಡು ದಿನ ಅವಳು ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ರಾತ್ರಿ, ಹೊದಿಕೆಯನ್ನು ಪರದೆ ಮಾಡಿಕೊಂಡು, ಎಲ್ಲ ಪಾತ್ರಗಳನ್ನೂ ತಾನೇ ಮಾಡಿ ಇಡೀ ನಾಟಕ ತೋರಿಸಿದಳು.

ಎಷ್ಟೋ ವರ್ಷಗಳ ನಂತರ, 2013ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನವನ್ನು ಓದಿದೆ. ಚಿಕ್ಕ ಮಕ್ಕಳಿಗೆ, ಇನ್ನೂ ಒಳ್ಳೆಯ ಬಣ್ಣದ ಸಾಮಗ್ರಿ ತಂದುಕೊಡುತ್ತೇವೆ ಎಂದು ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದವರಿಗೆ ಇಲ್ಲವೆಂದರು. ಆಮೇಲೆ ಒಂದು ಸಿಹಿ ತುಣುಕನ್ನು ಮುಂದಿಟ್ಟು, ಕಾದರೆ ಎರಡು ಸಿಗುತ್ತದೆ ಎಂದರು. ಮಾತು ಉಳಿಸಿಕೊಂಡವರನ್ನು ನಂಬಿದ ಮಕ್ಕಳು ಸರಾಸರಿ ಸುಮಾರು 12 ನಿಮಿಷ ಕಾದರು. ಮೋಸ ಹೋದವರು ಸುಮಾರು 3 ನಿಮಿಷ. ಓದುತ್ತಿದ್ದಂತೆ ನನ್ನ ಮಗನ ಆ ದನಿ ಕಿವಿಯಲ್ಲಿ ಮತ್ತೆ ಕೇಳಿಸಿತು. ತಾಳ್ಮೆ ಮಗುವಿನ ಹುಟ್ಟುಗುಣ ಮಾತ್ರ ಎಂದುಕೊಂಡಿದ್ದೆ. ಕಾದರೆ ಸಿಗುತ್ತದೆ ಎಂಬ ನಂಬಿಕೆ ಇಲ್ಲದ ಕಡೆ ಕಾಯದಿರುವುದೇ ಜಾಣತನವಲ್ಲವೇ?

ಇಲ್ಲಿ ಒಂದು ಮಾತು ಹೇಳಲೇಬೇಕು. ಚಿಕ್ಕಂದಿನಲ್ಲಿ ಹೀಗೆ ಕಾಯುವ ಮಕ್ಕಳೇ ಮುಂದೆ ಓದಿನಲ್ಲಿ ಮುಂದಿರುತ್ತಾರೆ ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಇನ್ನೂ ಹೆಚ್ಚು ಮಕ್ಕಳನ್ನು ಗಮನಿಸಿದ 2018ರ ಅಧ್ಯಯನವೊಂದು, ಮನೆಯ ಹಿನ್ನೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ ನಂಟು ಬಹಳ ತೆಳುವಾಗುತ್ತದೆ ಎಂದು ತೋರಿಸಿತು. ನನಗೆ ಸಂಬಳ ತಪ್ಪದೆ ಬರುತ್ತಿತ್ತು, ಹೇಳಿದ್ದನ್ನು ಮಾಡಲು ಅನುಕೂಲವಿತ್ತು. ಕೈಯಲ್ಲಿ ಕಾಸಿಲ್ಲದ ತಾಯಿಯ ಮಾತನ್ನು ಎಷ್ಟೋ ಸಲ ಅವಳ ಪರಿಸ್ಥಿತಿಯೇ ಮುರಿಯುತ್ತದೆ. ಅವಳ ಮಗು ಹಿಂದೆ ಉಳಿದರೆ ಸಂಸ್ಕಾರ ಸಾಲದು ಎಂದು ಬೆರಳು ತೋರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಗ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ನಪಾಸಾದ. ಅಂಕ ತಿಳಿದ ದಿನವೇ ಬಂದು ಹೇಳಿದ. ನಾಳೆಯಿಂದ ದಿನಾ ಬೆಳಿಗ್ಗೆ ಒಂದು ಗಂಟೆ ಲೆಕ್ಕ ಮಾಡುತ್ತೇನೆ ಎಂದ. ಎಚ್ಚರಿಸಲು ನಾನು ಒಂದು ದಿನವೂ ಹೋಗಲಿಲ್ಲ, ಅವನು ಒಂದು ದಿನವೂ ತಪ್ಪಿಸಲಿಲ್ಲ. ಮರುಪರೀಕ್ಷೆಯಲ್ಲಿ ಪಾಸಾದ. ಇಂದು ಅವನು ಕಟ್ಟಡಗಳ ನಕ್ಷೆ ತಯಾರಿಸುತ್ತಾನೆ. ಆಗದ ದಿನಾಂಕವನ್ನು ಒಪ್ಪಿಕೊಳ್ಳುವುದಿಲ್ಲವಾದ್ದರಿಂದ ಕೆಲವು ಕೆಲಸಗಳು ಕೈತಪ್ಪಿವೆ. ಮಗಳು ಶಿಕ್ಷಕಿ.

ಈಚೆಗೆ ಇಬ್ಬರೂ ಮನೆಗೆ ಬಂದಿದ್ದಾಗ ಆ ಚಿತ್ರದ ಪುಸ್ತಕದ ಸಂಜೆಯ ಬಗ್ಗೆ ಮಗನನ್ನು ಕೇಳಿದೆ. ಅವನಿಗೆ ಅದು ನೆನಪೇ ಇಲ್ಲ. "ಗಡಿಯಾರ ನೆನಪಿದೆ ಅಮ್ಮಾ" ಎಂದ, "ಅದು ಬಡಿದಾಗ ಪೆನ್ನಿನ ಮುಚ್ಚಳವನ್ನೂ ಹಾಕದೆ ಎದ್ದು ಬರುತ್ತಿದ್ದೆ ನೀನು." ಮಗಳಿಗೆ ಗಡಿಯಾರ ನೆನಪಿಲ್ಲ. ಅವಳಿಗೆ ನೆನಪಿರುವುದು ಆ ಫೋನ್ ಕರೆ.