ಕೆರೆಯ ತಳದಲ್ಲಿ ಮತ್ತೆ ಹುಲ್ಲು ಬೆಳೆಸುವುದು ಹೇಗೆ?

ದೀಪಾವಳಿ ಕಳೆದು ನೀರು ತಿಳಿಯಾಗುವ ಹೊತ್ತಿಗೆ ಸಾಗರ ಅಥವಾ ಸೊರಬ ಕಡೆಯ ಒಂದು ಒಳ್ಳೆಯ ಕೆರೆಯ ಮೆಟ್ಟಿಲ ಮೇಲೆ ಕುಳಿತು ಒಳಗೆ ನೋಡಿ. ಬೆರಳಗಲದ ಹಸಿರು ಪಟ್ಟಿಗಳು ತಳದಿಂದ ಎದ್ದು ನೀರಿನೊಳಗೇ ತೊನೆಯುತ್ತಿರುತ್ತವೆ. ಅವುಗಳ ನಡುವೆ ಬಳೆಚೂರಿನಷ್ಟು ಉದ್ದದ ಮೀನಿನ ಮರಿಗಳು. ಬಿಸಿಲು ಏರಿದಂತೆ ಎಲೆಯ ಅಂಚಿನಿಂದ ಸೂಜಿಮೊನೆಯಂಥ ಗುಳ್ಳೆಗಳು ಒಂದರ ಹಿಂದೊಂದು ಮೇಲೇಳುತ್ತವೆ. ಈ ಪಟ್ಟಿ ಹುಲ್ಲಿನ ಶಾಸ್ತ್ರೀಯ ಹೆಸರು ವ್ಯಾಲಿಸ್ನೇರಿಯಾ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಬರೀ ‘ಪಾಚಿ’. ಆದರೆ ಇದು ಪಾಚಿಯಲ್ಲ. ಬೇರು, ಎಲೆ, ಹೂವು, ಬೀಜ ಎಲ್ಲವೂ ಇರುವ ಪೂರ್ಣ ಪ್ರಮಾಣದ ಸಸ್ಯ.

ಇದರ ನೆಂಟರು ಸಮುದ್ರದಲ್ಲಿದ್ದಾರೆ. ತಮಿಳುನಾಡಿನ ಪಾಕ್ ಕೊಲ್ಲಿಯ ತಳದಲ್ಲಿ ಹಾಸಿಕೊಂಡಿರುವ ಕಡಲ ಹುಲ್ಲುಗಳಲ್ಲಿ ಕೆಲವು ಇದೇ ಕುಟುಂಬಕ್ಕೆ ಸೇರಿದವು. ಆ ಹುಲ್ಲನ್ನೇ ತಿಂದು ಬದುಕುವ ಕಡಲಹಸುವನ್ನು ಉಳಿಸಲು ಅಲ್ಲಿನ 448 ಚದರ ಕಿಲೋಮೀಟರ್ ಪ್ರದೇಶವನ್ನು 2022ರಲ್ಲಿ ಸಂರಕ್ಷಿತ ಎಂದು ಘೋಷಿಸಲಾಯಿತು. ಕಡಲ ಹುಲ್ಲನ್ನು ಮರಳಿ ತರುವ ಕೆಲಸದಲ್ಲಿ ಕಂಡುಕೊಂಡ ಪಾಠಗಳು ಮಲೆನಾಡಿನ ಕೆರೆಗೂ ಹೊಂದುತ್ತವೆ, ಏಕೆಂದರೆ ಎರಡಕ್ಕೂ ಮೊದಲು ಬೇಕಾದದ್ದು ಒಂದೇ: ತಳದವರೆಗೆ ಬೆಳಕು.

ಹುಲ್ಲು ಹೋದರೆ ಏನು ಕಳೆದುಕೊಳ್ಳುತ್ತೇವೆ? ಬೇರು ಹೂಳನ್ನು ಹಿಡಿದುಕೊಳ್ಳುತ್ತದೆ, ಎಲೆ ಅಲೆಯ ರಭಸವನ್ನು ತಗ್ಗಿಸುತ್ತದೆ, ಆದ್ದರಿಂದ ಮಣ್ಣು ಕದಡುವುದಿಲ್ಲ. ನೀರಿನ ಗೊಬ್ಬರದಂಶವನ್ನು ಹುಲ್ಲು ಹೀರಿಕೊಂಡರೆ ಪಾಚಿಗೆ ಉಣ್ಣಲು ಕಡಿಮೆ ಸಿಗುತ್ತದೆ. ಹುಲ್ಲು ಸತ್ತ ಕೆರೆಯಲ್ಲಿ ಇದೆಲ್ಲ ತಿರುವುಮುರುವಾಗುತ್ತದೆ. ಮಣ್ಣು ಕದಡುತ್ತದೆ, ಪಾಚಿ ಹೆಚ್ಚುತ್ತದೆ, ಬೆಳಕು ಇಳಿಯುವುದಿಲ್ಲ, ಬೆಳಕಿಲ್ಲದೆ ಹುಲ್ಲು ಬರುವುದಿಲ್ಲ. ಈ ಸುಳಿಯಿಂದ ಕೆರೆ ತಾನಾಗಿ ಹೊರಗೆ ಬರುವುದು ಕಷ್ಟ.

ಮೊದಲು ನೋಡಿ, ಆಮೇಲೆ ನೆಡಿ

ನಮ್ಮೂರಿನ ಕೆರೆಯಲ್ಲಿ ನಾವು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಹೂಳೆತ್ತಿದ ಖುಷಿಯಲ್ಲಿ ಜೂನ್ ಮೊದಲ ವಾರವೇ ಎರಡು ಬುಟ್ಟಿ ಹುಲ್ಲು ತಂದು ಊರಿದೆವು. ಆರಿದ್ರಾ ಮಳೆ ಹಿಡಿಯಿತು. ಮೇಲಿನ ಗುಡ್ಡದಿಂದ ಕೆಂಪು ನೀರು ಚಹಾದಂತೆ ಇಳಿದು ಬಂತು. ಗೌರಿ ಹಬ್ಬದ ಹೊತ್ತಿಗೆ ಒಂದು ಎಲೆಯೂ ಉಳಿದಿರಲಿಲ್ಲ. ನೆಟ್ಟ ಕೈಗಳದ್ದು ತಪ್ಪಲ್ಲ. ಕೆರೆ ಇನ್ನೂ ಸಿದ್ಧವಾಗಿರಲಿಲ್ಲ, ಅಷ್ಟೇ. ನೆಡುವ ಕೆಲಸ ಎಲ್ಲಕ್ಕಿಂತ ಕೊನೆಯದು ಎಂಬುದು ನಮಗೆ ತಿಳಿದದ್ದು ಹಾಗೆ.

ನೀರಿನ ಬೆಳಕನ್ನು ಅಳೆಯಲು ಪ್ರಯೋಗಾಲಯ ಬೇಡ. ಒಂದು ಬಿಳಿ ಪಿಂಗಾಣಿ ತಟ್ಟೆಯನ್ನೋ ಸುಣ್ಣದ ಬಿಳಿ ಬಳಿದ ಹಲಗೆಯನ್ನೋ ಕಲ್ಲಿನ ಭಾರ ಕಟ್ಟಿ ಹಗ್ಗದಲ್ಲಿ ಇಳಿಬಿಡಿ. ಹಗ್ಗಕ್ಕೆ ಗೇಣಿಗೊಂದು ಗಂಟು ಇರಲಿ. ನಡುಹಗಲಿನಲ್ಲಿ, ನೆರಳಿಲ್ಲದ ಜಾಗದಲ್ಲಿ, ತಟ್ಟೆ ಕಣ್ಮರೆಯಾಗುವ ಆಳವನ್ನು ಗುರುತು ಮಾಡಿಕೊಳ್ಳಿ. ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ, ಒಂದೇ ವ್ಯಕ್ತಿ ಮಾಡಿದರೆ ಲೆಕ್ಕ ನಂಬಬಹುದು. ಹಾಗೆಯೇ ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಒಂದು ದಿನ ಅಲುಗಾಡಿಸದೆ ಇಡಿ. ಮಣ್ಣು ತಳಕ್ಕಿಳಿದು ಮೇಲಿನ ನೀರು ತಿಳಿಯಾದರೆ ನಿಮ್ಮ ಮುಖ್ಯ ತೊಂದರೆ ಹೂಳು. ನೀರು ಹಸಿರಾಗಿಯೇ ಉಳಿದರೆ ತೊಂದರೆ ಪಾಚಿ, ಅಂದರೆ ಗೊಬ್ಬರ ಮತ್ತು ಬಚ್ಚಲು ನೀರು. ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಪೊರೆ ಕಟ್ಟಿದ್ದರೆ ಆ ನೀರನ್ನು ದನಕರುಗಳಿಗೆ ಕುಡಿಸಬೇಡಿ. ಅದರಲ್ಲಿ ವಿಷ ಉತ್ಪಾದಿಸುವ ಸೂಕ್ಷ್ಮಜೀವಿಗಳು ಇರುವ ಸಾಧ್ಯತೆ ಇದೆ.

ತಳದಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಲು ನನಗೆ ಸಿಕ್ಕಿದ ಅತ್ಯುತ್ತಮ ಸಲಕರಣೆ ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ. ದಡದಿಂದ ಬೀಸಿ ಎಸೆದು ಮೆಲ್ಲಗೆ ಎಳೆಯಿರಿ. ಕೊಕ್ಕೆಗೆ ಸಿಕ್ಕಿದ್ದನ್ನು ಬಿಳಿ ಬಟ್ಟೆಯ ಮೇಲೆ ಹರಡಿ. ಹತ್ತು ಕಡೆ ಎಸೆದರೆ ಕೆರೆಯ ಒಂದು ಚಿತ್ರ ಸಿಗುತ್ತದೆ. ಎಲ್ಲಿಯಾದರೂ ನಾಲ್ಕು ಎಳೆ ಹುಲ್ಲು ಬಂದರೆ ಆ ಜಾಗಕ್ಕೆ ಕೋಲು ನೆಟ್ಟು ಗುರುತಿಡಿ. ಆ ಮೂಲೆಯನ್ನು ಕಾಪಾಡಿದರೆ ಅರ್ಧ ಕೆಲಸ ಆದಂತೆ.

ಕೊಳೆ ಬರುವ ದಾರಿಗಳನ್ನು ಕಟ್ಟುವುದು

ಈ ಹಂತಕ್ಕೆ ಒಂದು ಪೂರ್ತಿ ವರ್ಷ ಕೊಡಿ. ಎರಡು ಕೊಟ್ಟರೂ ನಷ್ಟವಿಲ್ಲ.

ಮಳೆ ಬರುವಾಗ ಕೊಡೆ ಹಿಡಿದು ಕೆರೆಗೆ ನೀರು ಬರುವ ಪ್ರತಿಯೊಂದು ಕಾಲುವೆಯ ಜಾಡು ಹಿಡಿದು ಮೇಲೆ ನಡೆಯಿರಿ. ಎಲ್ಲಿ ನೀರು ಕೆಂಪಾಗುತ್ತದೆ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಹೆಚ್ಚಿನ ಕಡೆ ಅದು ಇಳಿಜಾರಿನಲ್ಲಿ ಮಾಡಿದ ಶುಂಠಿ ಹೊಲ, ಹೊಸದಾಗಿ ಕಡಿದ ಧರೆ ಅಥವಾ ಚರಂಡಿಯಿಲ್ಲದ ಮಣ್ಣಿನ ರಸ್ತೆ. ಶುಂಠಿ ಬೆಳೆಯುವವರನ್ನು ಬೈದು ಪ್ರಯೋಜನವಿಲ್ಲ, ಅದು ಅವರ ಹೊಟ್ಟೆಪಾಡು. ಪಟ್ಟೆಯನ್ನು ಇಳಿಜಾರಿಗೆ ಅಡ್ಡವಾಗಿ ಹಾಕಲು, ಹೊಲದ ಕೆಳ ಅಂಚಿನಲ್ಲಿ ಎರಡು ಸಾಲು ಲಾವಂಚ ನೆಡಲು ಕೇಳಿಕೊಳ್ಳಿ. ನಮ್ಮಲ್ಲಿ ಕೇಳಿದವರಲ್ಲಿ ಹೆಚ್ಚಿನವರು ಒಪ್ಪಿದರು. ಬುಡ ತಂದುಕೊಟ್ಟದ್ದು ಮಾತ್ರ ನಾವು. ಕಾಲುವೆ ಕೆರೆಯನ್ನು ಸೇರುವ ಬಾಯಿಯಲ್ಲಿ ಒಂದು ಹೂಳುಗುಂಡಿ ತೆಗೆಯಿರಿ. ನೀರು ಅಲ್ಲಿ ನಿಂತು, ಮಣ್ಣು ಇಳಿಸಿ, ಮುಂದೆ ಹೋಗಬೇಕು. ಅದನ್ನು ಪ್ರತಿ ಬೇಸಿಗೆ ಖಾಲಿ ಮಾಡದಿದ್ದರೆ ಗುಂಡಿ ಇದ್ದೂ ಇಲ್ಲದಂತೆ. ಅಲ್ಲಿಯ ಗೋಡನ್ನು ತೋಟಕ್ಕೆ ಹಾಕಿಕೊಳ್ಳಲು ಜನ ಸಂತೋಷದಿಂದ ಬರುತ್ತಾರೆ. ದಂಡೆಯ ಮೇಲೆ ಮುಂಡಿಗೆ, ವಾಟೆ ಇದ್ದರೆ ಅವನ್ನು ಕಡಿಯಬೇಡಿ. ದಂಡೆಯನ್ನು ‘ಚೊಕ್ಕಟ’ ಮಾಡುವ ಹುಮ್ಮಸ್ಸೇ ಎಷ್ಟೋ ಕೆರೆಗಳನ್ನು ಕೆಡಿಸಿದೆ.

ಇನ್ನು ಅಡಿಕೆ. ನಮ್ಮ ಸೀಮೆಯ ಕೆರೆಗೆ ಅಡಿಕೆಯಿಂದ ಎರಡು ಪೆಟ್ಟು ಬೀಳುತ್ತವೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೊದಲನೆಯದು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, 100 ಲೀಟರ್ ನೀರು. ಮರಕ್ಕೆ ಅದು ಬೇಕು. ಆದರೆ ಮೈಲುತುತ್ತದಲ್ಲಿರುವ ತಾಮ್ರ ನೀರಿನ ಸಸ್ಯಗಳಿಗೂ ಮೀನಿಗೂ ವಿಷ. ಡ್ರಮ್ಮು, ಪಂಪು, ಪೈಪುಗಳನ್ನು ಕೆರೆಯಲ್ಲಿ ತೊಳೆಯುವ ರೂಢಿಯನ್ನು ಊರೇ ಕೂತು ನಿಲ್ಲಿಸಬೇಕು. ತೊಳೆದ ನೀರನ್ನು ತೋಟದೊಳಗೇ, ಹಳ್ಳದಿಂದ ದೂರ ಚೆಲ್ಲಿ. ಎರಡನೆಯದು ಕೊಯ್ಲಿನ ಕಾಲದ ಚೊಗರು. ಅಡಿಕೆ ಬೇಯಿಸಿದ ಈ ಗಾಢ ಕೆಂಪು ನೀರು ಹಂಡೆಯಿಂದ ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋದರೆ ಬೆಳಕನ್ನೂ ತಡೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನೂ ತಿನ್ನುತ್ತದೆ. ಚೊಗರಿಗೆ ಬಣ್ಣದ ಕೆಲಸದವರಿಂದ ಬೇಡಿಕೆ ಇದೆ. ಮಾರಲಾಗದಿದ್ದರೆ ಒಂದು ಗುಂಡಿ ಮಾಡಿ ಇಂಗಿಸಿ, ಬಾವಿಯಿಂದ ದೂರದಲ್ಲಿ.

ಗಣಪತಿಯನ್ನು ಬಿಡುವುದಾದರೆ ಬಣ್ಣವಿಲ್ಲದ ಮಣ್ಣಿನ ಮೂರ್ತಿ, ಅದೂ ಒಂದೇ ಮೂಲೆಯಲ್ಲಿ.

ಮೀನು ಮತ್ತು ಕೆರೆಬೇಟೆ

ಮೀನು ಸಾಕಣೆಯ ಗುತ್ತಿಗೆ ಇದ್ದರೆ ಯಾವ ಮರಿ ಬಿಡುತ್ತಾರೆ ಎಂದು ಕೇಳಿ. ಹುಲ್ಲುಗೆಂಡೆ ಹೆಸರೇ ಹೇಳುವಂತೆ ಹುಲ್ಲನ್ನೇ ಮೇಯುತ್ತದೆ. ಸಾಮಾನ್ಯ ಗೆಂಡೆ ತಳ ಕೆದಕಿ ಬೇರು ಕೀಳುತ್ತದೆ, ನೀರನ್ನು ಕದಡುತ್ತದೆ. ಹುಲ್ಲು ಬೇರೂರುವ ಎರಡು ಮೂರು ವರ್ಷ ಇವೆರಡನ್ನೂ ಬಿಡಬಾರದೆಂದು ಪಂಚಾಯಿತಿಯಲ್ಲಿ ಕೇಳಿಕೊಳ್ಳಿ.

ಬೇಸಿಗೆಯ ಕೆರೆಬೇಟೆ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಕೂಣಿ ಎಂಬ ಬಿದಿರಿನ ಬುಟ್ಟಿ ಹಿಡಿದು ಇಡೀ ಊರು ಮೀನಿಗಾಗಿ ನೀರಿಗಿಳಿಯುವ ಆ ದಿನ ಕೆರೆ ಕದಡುವುದು ನಿಜ. ಆದರೆ ಕೆರೆಯನ್ನು ತಮ್ಮದು ಎಂದು ಜನ ಅಂದುಕೊಳ್ಳುವುದೂ ಅಂಥ ದಿನಗಳಿಂದಲೇ. ಅದನ್ನು ನಿಲ್ಲಿಸಿ ಎನ್ನುವ ಬದಲು, ಹುಲ್ಲಿರುವ ಮೂಲೆಗೆ ಬೇಲಿ ಕಟ್ಟಿ ಅಲ್ಲಿ ಇಳಿಯದಂತೆ ಊರಿನ ಹಿರಿಯರಿಂದಲೇ ಹೇಳಿಸಿ. ಹಿರಿಯರ ಮಾತು ಫಲಕಕ್ಕಿಂತ ಬಲವಾದ ಬೇಲಿ.

ಹೂಳೆತ್ತುವಾಗ

ಜೆಸಿಬಿ ಬರುವ ಮೊದಲು ಕೆರೆಯ ಅಂಗಳದಲ್ಲಿ ಸುಣ್ಣದ ಗೆರೆ ಹಾಕಿ. ಒಮ್ಮೆಗೇ ಇಡೀ ತಳವನ್ನು ಕೆರೆದು ತೆಗೆದರೆ ಹೂಳಿನೊಂದಿಗೆ ಬೀಜ, ಗೆಡ್ಡೆ ಎಲ್ಲವೂ ಟಿಪ್ಪರ್ ಏರಿ ಹೋಗುತ್ತವೆ. ನೀರು ಇಂಗದಂತೆ ಹಿಡಿದಿಟ್ಟ ಜೇಡಿಯ ಪದರವೂ ಹರಿಯಬಹುದು. ಮೂರನೆಯ ಒಂದು ಭಾಗವನ್ನು ಮುಟ್ಟದೆ ಬಿಡಿ. ದಂಡೆಯನ್ನು ಬಟ್ಟಲಿನ ಗೋಡೆಯಂತೆ ನೆಟ್ಟಗೆ ಕಡಿಯಬೇಡಿ, ತಟ್ಟೆಯ ಅಂಚಿನಂತೆ ಇಳಿಜಾರಾಗಿ ಬಿಡಿ. ಹುಲ್ಲು ಹಿಡಿಯುವುದು ಆ ಆಳವಿಲ್ಲದ ಇಳಿಜಾರಿನಲ್ಲೇ. ಕೆಲಸಕ್ಕೆ ಮೊದಲು ಅನುಮತಿ ಬೇಕು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕವು ಪಂಚಾಯತ್ ವ್ಯವಸ್ಥೆಗೆ ಸೇರಿದವು. ಗ್ರಾಮಸಭೆಯಲ್ಲಿ ನಡಾವಳಿ ಬರೆಸಿಕೊಂಡೇ ಮುಂದುವರಿಯಿರಿ.

ನೆಡುವುದು

ಬೆಳಕು ಸುಧಾರಿಸಿದ ಮೇಲೆ ಒಂದು ಮಳೆಗಾಲ ಕಾಯಿರಿ. ಮಣ್ಣಿನಲ್ಲಿ ಮಲಗಿದ್ದ ಬೀಜಗಳಿಂದ ಹುಲ್ಲು ತಾನೇ ಎದ್ದು ಬರಬಹುದು. ಬಂದರೆ ನಿಮ್ಮ ಕೆಲಸ ಕಾವಲು ಮಾತ್ರ.

ಬರದಿದ್ದರೆ ಬೀಜವೋ ಗಿಡವೋ ಹೊರಗಿನಿಂದ ಬರಬೇಕು. ಅಮೆರಿಕದ ವರ್ಜೀನಿಯಾದ ಕರಾವಳಿಯಲ್ಲಿ 1930ರ ದಶಕದಲ್ಲಿ ರೋಗ ಮತ್ತು ಚಂಡಮಾರುತಕ್ಕೆ ಸಿಕ್ಕಿ ಕಡಲ ಹುಲ್ಲು ಅಳಿದುಹೋಯಿತು. ದಶಕಗಳ ಕಾಲ ಅಲ್ಲಿನ ಕೊಲ್ಲಿಗಳ ತಳ ಬರಿದಾಗಿಯೇ ಇತ್ತು. ಹುಲ್ಲು ಬೆಳೆಯುವಷ್ಟು ನೀರು ತಿಳಿಯಾಗಿತ್ತು, ಬೀಜ ಮಾತ್ರ ತಲುಪುತ್ತಿರಲಿಲ್ಲ. ವಿಜ್ಞಾನಿಗಳೂ ಸ್ವಯಂಸೇವಕರೂ ಸೇರಿ ಸುಮಾರು 20 ವರ್ಷಗಳಲ್ಲಿ 7 ಕೋಟಿಗೂ ಹೆಚ್ಚು ಬೀಜ ಬಿತ್ತಿದರು. ಈಗ ಅಲ್ಲಿ ಸುಮಾರು 3,600 ಹೆಕ್ಟೇರ್ ಹುಲ್ಲುಗಾವಲಿದೆ. ನೀರು ಕೊಳೆಯಾಗಿದ್ದರೆ ಅಷ್ಟೂ ಬೀಜ ಕೆಸರಿನ ಪಾಲಾಗುತ್ತಿತ್ತು.

ಗಿಡವನ್ನು ಹತ್ತಿರದ ಕೆರೆಯಿಂದಲೇ ತನ್ನಿ, ಆ ಊರಿನವರನ್ನು ಕೇಳಿ. ಮೀನಿನ ತೊಟ್ಟಿಗೆಂದು ಅಂಗಡಿಯಲ್ಲಿ ಮಾರುವ ಗಿಡ ಬೇಡವೇ ಬೇಡ. 2020ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಅವಳ ಪಾಂಡಿ ಎಂಬಲ್ಲಿ ಇಡೀ ಕಾಲುವೆ ಗುಲಾಬಿ ಹೂವಿನಿಂದ ತುಂಬಿ ಜನ ಜಾತ್ರೆಯಂತೆ ಸೇರಿದ್ದರು. ಅದು ದಕ್ಷಿಣ ಅಮೆರಿಕದ ಕಬೋಂಬ ಎಂಬ ಆಕ್ರಮಣಕಾರಿ ಕಳೆ. ತಂದ ಗಿಡವನ್ನು ಬಕೆಟ್ಟಿನಲ್ಲಿ ಎರಡು ಮೂರು ಬಾರಿ ತೊಳೆದು, ಅಂತರಗಂಗೆಯ ಚೂರು ಅಂಟಿದೆಯೇ ಎಂದು ಎಳೆ ಎಳೆಯಾಗಿ ನೋಡಿ.

ತೆಗೆಯುವಾಗ ಹತ್ತು ಗಿಡವಿದ್ದಲ್ಲಿ ಒಂದನ್ನು ಮಾತ್ರ ಬೇರು ಸಮೇತ ಎತ್ತಿ. ವ್ಯಾಲಿಸ್ನೇರಿಯಾ ನೆಲದೊಳಗೆ ಬಳ್ಳಿ ಚಾಚಿ ಮರಿ ಹಾಕುತ್ತದೆ. ಮೂರು ನಾಲ್ಕು ಮರಿಗಳಿರುವ ತುಂಡು ಚೆನ್ನಾಗಿ ಹಿಡಿಯುತ್ತದೆ. ಒದ್ದೆ ಬಾಳೆಲೆಯಲ್ಲಿ ಸುತ್ತಿ ತಂದು ಅಂದೇ ನೆಡಿ. ತಿಂಗಳು ನವೆಂಬರ್, ಅಥವಾ ಡಿಸೆಂಬರ್ ಮೊದಲರ್ಧ. ಜಾಗ ಏಪ್ರಿಲ್‌ನಲ್ಲೂ ನೀರಿರುವಷ್ಟು ಒಳಗಿರಬೇಕು, ಆದರೆ ತಟ್ಟೆ ಕಾಣುವ ಆಳಕ್ಕಿಂತ ಕೆಳಗಿರಬಾರದು. ಗೇಣಿಗೊಂದು ಬುಡ. ಬೇರು ಮಾತ್ರ ಮಣ್ಣಿನೊಳಗೆ ಹೋಗಲಿ, ಎಲೆಗಳು ಹೊರಡುವ ಸುಳಿ ಮೇಲೆಯೇ ಇರಲಿ. ಸುಳಿ ಹೂತರೆ ವಾರದಲ್ಲಿ ಕೊಳೆಯುತ್ತದೆ. ಬತ್ತದ ಸಸಿ ನೆಟ್ಟು ಅಭ್ಯಾಸವಿರುವ ಹೆಂಗಸರ ಕೈ ಈ ಕೆಲಸದಲ್ಲಿ ನಮ್ಮೆಲ್ಲರಿಗಿಂತ ಚುರುಕಾಗಿತ್ತು.

ತಳ ತೀರಾ ಮೆತ್ತಗಿದ್ದರೆ ಬುಡ ನಿಲ್ಲುವುದಿಲ್ಲ, ತೇಲಿಬರುತ್ತದೆ. ಪಾಕ್ ಕೊಲ್ಲಿಯಲ್ಲಿ ಬಿದಿರಿನ ಚೌಕಟ್ಟಿಗೆ ತೆಂಗಿನ ಹಗ್ಗ ಕಟ್ಟಿ ಕಡಲ ಹುಲ್ಲು ನೆಟ್ಟಿದ್ದಾರೆ. ನಾವು ಅಡಿಕೆ ದಬ್ಬೆಯ ಚೌಕಟ್ಟು ಮಾಡಿ, ತೆಂಗಿನ ಹಗ್ಗದ ಬಲೆ ಹೆಣೆದು, ಬುಡಗಳನ್ನು ಬಾಳೆ ನಾರಿನಿಂದ ಕಟ್ಟಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಮುಳುಗಿಸಿದೆವು. ಬೇರು ಹಿಡಿಯುವಷ್ಟರಲ್ಲಿ ನಾರು ಕರಗುತ್ತದೆ. ಪ್ಲಾಸ್ಟಿಕ್ ದಾರ ಬಳಸಬೇಡಿ. ಸುತ್ತ ಬಿದಿರಿನ ತಟ್ಟಿ ಕಟ್ಟಿದರೆ ಎಮ್ಮೆ, ಬಾತುಗಳಿಂದ ರಕ್ಷಣೆ. ಕೆಸರಿನ ಕೆರೆಗೆ ಒಬ್ಬರೇ ಇಳಿಯಬೇಡಿ, ದಡದಲ್ಲಿ ಹಗ್ಗ ಹಿಡಿದ ಇನ್ನೊಬ್ಬರು ಇರಲೇಬೇಕು.

ಮೊದಲ ವರ್ಷ ಎರಡು ಮೂರು ಕಡೆ, ಚಾಪೆಯಗಲದಷ್ಟೇ ನೆಡಿ. ಯಾವುದು ಹಿಡಿಯಿತೋ ಅದನ್ನು ಮುಂದಿನ ವರ್ಷ ವಿಸ್ತರಿಸಿ. ಹುಲ್ಲು ಹೆಚ್ಚಾಗಿ ತೂಬಿಗೆ ಅಡ್ಡಬಂದರೆ, ಅಲ್ಲಿ ಮಾತ್ರ ಕುಡುಗೋಲಿನಿಂದ ಕೊಯ್ದು ಗೊಬ್ಬರದ ಗುಂಡಿಗೆ ಹಾಕಿ. ಹೈಡ್ರಿಲ್ಲಾ ಎಂಬ ಇನ್ನೊಂದು ನೀರುಗಿಡ ಇರುವಲ್ಲಿ ಈ ಕೆಲಸ ಹೆಚ್ಚು ಬರುತ್ತದೆ. ಅದು ಚೂರು ಚೂರಿನಿಂದಲೂ ಚಿಗುರುತ್ತದೆ, ಕೊಯ್ದದ್ದನ್ನು ನೀರಿನಲ್ಲಿ ಬಿಡಬೇಡಿ.

ಗಿಡ ನೆಲೆಯೂರಿದೆ ಎಂದು ತಿಳಿಯುವುದು ಹೂವಿನಿಂದ. ಹೆಣ್ಣು ಹೂವು ನೂಲಿನಂಥ ಉದ್ದ ತೊಟ್ಟಿನ ತುದಿಯಲ್ಲಿ ನೀರಿನ ಮೇಲ್ಮೈಗೆ ಬಂದು ನಿಲ್ಲುತ್ತದೆ. ಗಂಡು ಹೂವುಗಳು ತಳದಲ್ಲೇ ಕಳಚಿಕೊಂಡು, ರವೆಯಷ್ಟು ಸಣ್ಣ ಬಿಳಿ ಕಾಳುಗಳಾಗಿ ಮೇಲೆದ್ದು, ಅರಳಿ, ಗಾಳಿಗೆ ತೇಲುತ್ತ ಬಂದು ಹೆಣ್ಣು ಹೂವಿನ ಸುತ್ತಲಿನ ಕುಳಿಗೆ ಜಾರುತ್ತವೆ. ಪಾಕ್ ಕೊಲ್ಲಿಯ ಎನ್‌ಹಾಲಸ್ ಎಂಬ ಕಡಲ ಹುಲ್ಲೂ ಹೀಗೆಯೇ ಕೂಡುತ್ತದೆ. ಆ ಬಳಿಕ ತೊಟ್ಟು ಸುರುಳಿ ಸುತ್ತಿಕೊಂಡು ಕಾಯನ್ನು ನೀರಿನೊಳಕ್ಕೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಗಾಳಿಯಿಲ್ಲದ ಹೊತ್ತಿನಲ್ಲಿ ಹೋಗಿ, ಮೆಟ್ಟಿಲ ಮೇಲೆ ಮಂಡಿಯೂರಿ ನೋಡಿ. ಸುರುಳಿ ಕಂಡರೆ ನಿಮ್ಮ ಪುಸ್ತಕದಲ್ಲಿ ತಾರೀಕು ಬರೆದಿಡಿ. ಆ ಜಾಗದಲ್ಲಿ ಮುಂದಿನ ಎರಡು ತಿಂಗಳು ಯಾರೂ ಕಾಲಿಡದಂತೆ ತಟ್ಟಿಯನ್ನು ಇನ್ನೊಂದು ಮಾರು ಆಚೆಗೆ ಸರಿಸಿ ಕಟ್ಟಿ.