ಯುದ್ಧದ ನಡುವೆ ಸಮಾಜಕಾರ್ಯ ಕಲಿಸುವ ಬಗೆ: ಉಕ್ರೇನಿನ ಸಂದರ್ಭ

2022ರ ಫೆಬ್ರವರಿ 24ರಂದು ರಷ್ಯಾ ಪೂರ್ಣ ಪ್ರಮಾಣದ ದಾಳಿ ಆರಂಭಿಸಿದ ಮೇಲೆ, ಉಕ್ರೇನಿನಲ್ಲಿ ನೆರವು ಕೇಳಿ ಬರುವವರ ಕಷ್ಟಗಳು ಕಾನೂನು, ಆರೋಗ್ಯ, ಮನಸ್ಸು ಎಂದು ಬೇರೆಬೇರೆಯಾಗಿ ಬರುತ್ತಿಲ್ಲ. ಆದ್ದರಿಂದ ಪಠ್ಯಕ್ರಮಕ್ಕೆ ಇನ್ನಷ್ಟು ಪತ್ರಿಕೆಗಳನ್ನು ಸೇರಿಸುವ ಬದಲು, ಒಂದೇ ಪ್ರಕರಣವನ್ನು ಹಲವು ವಿಭಾಗಗಳ ಅಧ್ಯಾಪಕರು ಒಂದೇ ತರಗತಿಯಲ್ಲಿ ಕೂತು ಕಲಿಸುವುದು ಮೇಲು.

ಪ್ರಕರಣವನ್ನು ಹೀಗೆ ಕಟ್ಟಬಹುದು: ದೇಶದ ಪೂರ್ವದ ಹಾರ್ಕಿವ್ ಕಡೆಯ ಹಳ್ಳಿಯೊಂದರಿಂದ ಮೊಮ್ಮಗನ ಜೊತೆ ಪಶ್ಚಿಮದ ಲ್ವಿವ್ ನಗರಕ್ಕೆ ಬಂದ ವೃದ್ಧೆಗೆ ಸಕ್ಕರೆ ಕಾಯಿಲೆಯಿದೆ, ಗುರುತಿನ ಪತ್ರಗಳು ಸುಟ್ಟುಹೋಗಿವೆ, ಉಳಿದುಕೊಂಡಿರುವ ಕಟ್ಟಡದಲ್ಲಿ ಗಂಟೆಗಟ್ಟಲೆ ಕರೆಂಟಿಲ್ಲ. ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕೆಂಬುದು ಗೊತ್ತಿಲ್ಲದ ವಿದ್ಯಾರ್ಥಿ ವಸತಿಯ ಅರ್ಜಿಯನ್ನಷ್ಟೇ ತುಂಬಿಸಿ ಎದ್ದುಬಿಡುತ್ತಾನೆ. ಔಷಧದ ಪ್ರಮಾಣ ಹೇಳುವುದು ಅವನ ಕೆಲಸವಲ್ಲ. ಆದರೆ ಸೀಸೆ ಎಲ್ಲಿದೆ, ಎಷ್ಟು ದಿನಕ್ಕೆ ಸಾಲುತ್ತದೆ ಎಂದು ಕೇಳಿ, ಅಂದೇ ವೈದ್ಯರಿಗೆ ತಿಳಿಸುವುದು ಖಂಡಿತ ಅವನದೇ. ಕಾನೂನು ಅಧ್ಯಾಪಕರು ಸ್ಥಳಾಂತರಗೊಂಡವರ ನೋಂದಣಿಯನ್ನೂ ಕಳೆದ ದಾಖಲೆಗಳನ್ನು ಮರಳಿ ಪಡೆಯುವ ದಾರಿಯನ್ನೂ ಇಲ್ಲಿಯೇ ತಿಳಿಸಲಿ.

ಮೊಮ್ಮಗ ಸೈರನ್ ಕೂಗಿದಾಗಲೆಲ್ಲ ಮೇಜಿನಡಿ ಸೇರುತ್ತಾನೆ ಎನ್ನಿ. ಇಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಮೂರು ಹೆಜ್ಜೆಗಳನ್ನು ಅಭಿನಯದ ಮೂಲಕ ರೂಢಿ ಮಾಡಿಸಿ: ನೋಡುವುದು, ಆಲಿಸುವುದು, ಸೂಕ್ತ ನೆರವಿನ ಜೊತೆ ಬೆಸೆಯುವುದು. ಇವುಗಳಲ್ಲಿ ಆಲಿಸುವುದೇ ಕಷ್ಟ. ಕಾಳಜಿಯಿಂದಲೇ ಆದರೂ "ಅಂದು ಏನಾಯಿತು, ಹೇಳು" ಎಂದು ಒತ್ತಾಯಿಸುವ ವಿದ್ಯಾರ್ಥಿಯನ್ನು ಅಲ್ಲಿಯೇ ತಡೆದು, ಹುಡುಗನ ಪಕ್ಕ ನೆಲದ ಮೇಲೆ ಸುಮ್ಮನೆ ಕೂರುವುದನ್ನು ತೋರಿಸಿಕೊಡಿ.

ನೆಲಬಾಂಬಿನ ಪಾಠ ಚಿಕ್ಕದು, ಆದರೆ ಬಿಡುವಂತಿಲ್ಲ: ಅನುಮಾನದ ವಸ್ತುವನ್ನು ಮುಟ್ಟಬಾರದು, ಬಂದ ಹೆಜ್ಜೆಯಲ್ಲೇ ಹಿಂದಿರುಗಬೇಕು, ಉಕ್ರೇನಿನ ತುರ್ತು ರಕ್ಷಣಾ ಸೇವೆಯ ಸಂಖ್ಯೆ 101ಕ್ಕೆ ಕರೆ ಮಾಡಬೇಕು.

ಪ್ರತಿ ಅಭ್ಯಾಸದ ಕೊನೆಗೆ ವಿದ್ಯಾರ್ಥಿಯಿಂದ ಒಂದು ಪುಟ ಬರೆಸಿ: ನಾನು ಮಾಡಿದ್ದೇನು, ಯಾರಿಗೆ ಒಪ್ಪಿಸಿದೆ, ಒಪ್ಪಿಸಿದ್ದು ತಲುಪಿತೆಂದು ಹೇಗೆ ಖಚಿತಪಡಿಸಿಕೊಂಡೆ. ನನ್ನ ದೃಷ್ಟಿಯಲ್ಲಿ ಅಂಕಗಳಲ್ಲಿ ಹೆಚ್ಚಿನ ಪಾಲು ಮೂರನೆಯ ಪ್ರಶ್ನೆಗೇ ಸಲ್ಲಬೇಕು, ಏಕೆಂದರೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಳುಹಿಸುವ ದಾರಿಯಲ್ಲೇ ಜನ ಕಳೆದುಹೋಗುತ್ತಾರೆ.

ಕಲಿಯುವವರೂ ಅದೇ ಸೈರನ್ ಕೇಳುತ್ತಿರುವವರು. ಅವರಲ್ಲಿ ಕೆಲವರ ಅಣ್ಣತಮ್ಮಂದಿರು ರಣರಂಗದಲ್ಲಿದ್ದಾರೆ. ತರಗತಿ ಅರ್ಧಕ್ಕೆ ನಿಂತರೆ ಮುಂದುವರಿಸಲು ಧ್ವನಿಮುದ್ರಿತ ಪಾಠವನ್ನು ಸಿದ್ಧವಾಗಿಟ್ಟುಕೊಳ್ಳಿ. ಕ್ಷೇತ್ರಕಾರ್ಯದ ಮೇಲ್ವಿಚಾರಕರು ವಾರಕ್ಕೊಮ್ಮೆಯಾದರೂ ಪ್ರತಿಯೊಬ್ಬರ ಜೊತೆ ಪ್ರತ್ಯೇಕವಾಗಿ ಕೂತು, ಪ್ರಕರಣದ ಮಾತಿಗೆ ಮೊದಲು ಅವರು ನಿದ್ದೆ ಮಾಡಿದರೇ ಎಂದು ವಿಚಾರಿಸಲಿ.