ಗೆರೆ ಸರಿದದ್ದು ಯಾವ ಕಡೆಗೆ? ಕಿಂಡಿಯಲ್ಲಿ ನೋಡಿ

ಚಲನೆಯನ್ನು ಕಣ್ಣು ಕಾಣುತ್ತದೆ ಎಂದು ಸಲೀಸಾಗಿ ಹೇಳಿಬಿಡುತ್ತೇವೆ. ಕಣ್ಣಿಗೆ ಸಿಗುವ ಸಾಕ್ಷ್ಯ ಎಷ್ಟೋ ಸಲ ಅರೆಬರೆ. ತೀರ್ಪು ಕೊಡುವುದು ಮಿದುಳು. ಆ ತೀರ್ಪು ಹೇಗೆ ಹುಟ್ಟುತ್ತದೆ ಎಂಬುದನ್ನು ಕಾಗದ, ರಟ್ಟು, ಸ್ಕೇಲು, ಕತ್ತರಿ ಇದ್ದರೆ ನೀವೇ ಪರೀಕ್ಷಿಸಬಹುದು.

1. ಗೆರೆ ಎಳೆಯಿರಿ. ಬಿಳಿ ಕಾಗದದ ತುಂಬ, ಎಡದಿಂದ ಬಲಕ್ಕೆ ಮೇಲೇರುವ ಓರೆ ಗೆರೆಗಳನ್ನು 45 ಡಿಗ್ರಿ ಕೋನದಲ್ಲಿ, 1 ಸೆಂಟಿಮೀಟರ್ ಅಂತರ ಬಿಟ್ಟು ಎಳೆಯಿರಿ. ಎಲ್ಲವೂ ಒಂದೇ ದಪ್ಪ ಇರಲಿ. ಕಾಗದದ ಮೇಲೆ ಎಲ್ಲೂ ಕಲೆ ಬೀಳಬಾರದು; ಒಂದೇ ಒಂದು ಕಲೆ ಬಿದ್ದರೂ ಪ್ರಯೋಗ ಕೆಡುತ್ತದೆ.

2. ದುಂಡು ಕಿಂಡಿ. ರಟ್ಟಿನಲ್ಲಿ 3 ಸೆಂಟಿಮೀಟರ್ ಅಗಲದ ದುಂಡನೆಯ ಕಿಂಡಿ ಕತ್ತರಿಸಿ, ಅದರ ಹಿಂದೆ ಕಾಗದವನ್ನು ಹಿಡಿಯಿರಿ. ಕಾಗದವನ್ನು ಸರಿಸುವ ಕೆಲಸ ಬೇರೆಯವರಿಗೆ ಬಿಡಿ, ಇಲ್ಲವಾದರೆ ನಿಮ್ಮ ಕೈಯೇ ಉತ್ತರ ಹೇಳಿಬಿಡುತ್ತದೆ. ಒಂದು ಕಣ್ಣು ಮುಚ್ಚಿ ನೋಡಿ. ಕಾಗದವನ್ನು ಬಲಕ್ಕೆ ಸರಿಸಿದರೂ ಕೆಳಕ್ಕೆ ಎಳೆದರೂ ಕಿಂಡಿಯಲ್ಲಿ ಕಾಣುವುದು ಒಂದೇ: ಗೆರೆಗಳು ಬಲಕ್ಕೂ ಕೆಳಕ್ಕೂ ನಡುವೆ, ಮೂಲೆಯ ಕಡೆಗೆ ಜಾರುತ್ತವೆ.

ಗೆರೆಯ ಒಂದು ಬಿಂದುವಿಗೂ ಪಕ್ಕದ ಬಿಂದುವಿಗೂ ವ್ಯತ್ಯಾಸವಿಲ್ಲ. ಹಾಗಾಗಿ ಗೆರೆ ತನ್ನ ಉದ್ದಕ್ಕೇ ಎಷ್ಟು ಸರಿದರೂ ನಮಗೆ ಗೊತ್ತಾಗದು. ಅದಕ್ಕೆ ಲಂಬವಾಗಿ ಸರಿದಷ್ಟು ಮಾತ್ರ ಕಾಣುತ್ತದೆ. ಇದನ್ನು ಕಿಂಡಿಯ ಸಮಸ್ಯೆ ಎನ್ನಬಹುದು. ಇದು ರಟ್ಟಿನ ಕಿಂಡಿಗಷ್ಟೇ ಸೇರಿದ ತೊಡಕಲ್ಲ. ದೃಷ್ಟಿ ಮಾಹಿತಿ ಮಿದುಳಿನ ಹೊರಪದರದಲ್ಲಿ ಮೊದಲು ತಲುಪುವ ವಿ1 ಎಂಬ ಭಾಗದಲ್ಲಿ ಪ್ರತಿ ನರಕೋಶವೂ ನೋಟದ ಒಂದು ಪುಟ್ಟ ತುಣುಕನ್ನಷ್ಟೇ ಕಾಣುತ್ತದೆ. ನಮ್ಮ ತಲೆಯೊಳಗೆ ಇರುವುದೇ ಇಂಥ ಅಸಂಖ್ಯ ಕಿಂಡಿಗಳು!

3. ಉದ್ದ ಕಿಂಡಿ. ನನಗೆ ಅತಿ ಪ್ರಿಯವಾದ ಹಂತ ಇದು. ಇನ್ನೊಂದು ರಟ್ಟಿನಲ್ಲಿ 2 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಕಿಂಡಿ ಕತ್ತರಿಸಿ ನೆಟ್ಟಗೆ ನಿಲ್ಲಿಸಿ. ಕಾಗದವನ್ನು ಬಲಕ್ಕೆ ಸರಿಸಿದರೆ ಗೆರೆಗಳು ಕೆಳಕ್ಕೆ ಇಳಿಯುವಂತೆ ಕಾಣುತ್ತವೆ. ರಟ್ಟನ್ನು ಅಡ್ಡ ಮಾಡಿ ಕಾಗದವನ್ನು ಕೆಳಕ್ಕೆ ಎಳೆಸಿ. ಈಗ ಅವು ಬಲಕ್ಕೆ ಓಡುತ್ತವೆ. ಕ್ಷೌರದಂಗಡಿಯ ಮುಂದಿನ ಪಟ್ಟೆ ಕಂಬ ಸುತ್ತ ತಿರುಗುತ್ತಿದ್ದರೂ ಪಟ್ಟೆಗಳು ಮೇಲಕ್ಕೋ ಕೆಳಕ್ಕೋ ಹೋಗುವಂತೆ ಕಾಣುವುದು ಇದೇ ಕಾರಣಕ್ಕೆ. ಹಾನ್ಸ್ ವಾಲಾಕ್ ಎಂಬ ಮನೋವಿಜ್ಞಾನಿ 1935ರಲ್ಲೇ ಇಂಥ ಕಿಂಡಿಗಳನ್ನು ವಿವರವಾಗಿ ಅಭ್ಯಸಿಸಿದ್ದರು.

ಗುಟ್ಟು ಇರುವುದು ತುದಿಗಳಲ್ಲಿ. ನೆಟ್ಟಗಿನ ಕಿಂಡಿಯ ಉದ್ದನೆಯ ಅಂಚುಗಳಲ್ಲಿ ಸುಮಾರು 14 ಗೆರೆತುದಿಗಳು ಕೆಳಗಿಳಿಯುತ್ತವೆ. ಗಿಡ್ಡ ಅಂಚುಗಳಲ್ಲಿ ಎರಡೋ ಮೂರೋ ಪಕ್ಕಕ್ಕೆ ಸರಿಯುತ್ತವೆ. ಮಿದುಳು ಹೆಚ್ಚು ಮಂದಿಯ ಸಾಕ್ಷ್ಯವನ್ನು ಒಪ್ಪಿಕೊಳ್ಳುತ್ತದೆ.

ಆದರೆ ಅದು ಕುರುಡಾಗಿ ಒಪ್ಪುವುದಿಲ್ಲ. ಮುಚ್ಚಿದ ಕಣ್ಣನ್ನು ತೆರೆದು, ಕಾಗದವನ್ನು ರಟ್ಟಿನಿಂದ ಸ್ವಲ್ಪ ಹಿಂದಕ್ಕೆ ಹಿಡಿಸಿ ಮತ್ತೆ ನೋಡಿ. ಭ್ರಮೆ ಸಡಿಲವಾಗುತ್ತದೆ. ಎರಡೂ ಕಣ್ಣುಗಳಿಂದ ಆಳ ತಿಳಿಯುವುದರಿಂದ, ಆ ತುದಿಗಳು ಗೆರೆಯ ಸ್ವಂತ ತುದಿಗಳಲ್ಲ, ರಟ್ಟು ಮರೆ ಮಾಡಿದ್ದರಿಂದ ಉಂಟಾದವು ಎಂದು ಮಿದುಳಿಗೆ ಹೊಳೆಯುತ್ತದೆ. ಅವುಗಳ ಮಾತಿಗೆ ಬೆಲೆ ಕಡಿಮೆಯಾಗುತ್ತದೆ.

4. ಚುಕ್ಕೆ ಇಡಿ. ದುಂಡು ಕಿಂಡಿಗೆ ಮರಳಿ, ಗೆರೆಗಳ ನಡುವೆ ಒಂದು ಚುಕ್ಕೆ ಇಟ್ಟು ಕಾಗದವನ್ನು ಸರಿಸಿ. ಗೊಂದಲವೆಲ್ಲ ಮಾಯ. ಕಲೆ ಬೀಳಬಾರದು ಎಂದದ್ದು ಇದಕ್ಕೇ.

ತುಣುಕು ಸಾಕ್ಷ್ಯಗಳನ್ನು ಒಟ್ಟುಗೂಡಿಸುವ ಕೆಲಸದಲ್ಲಿ ಮಿದುಳಿನಲ್ಲಿ ಚಲನೆಯನ್ನು ಗ್ರಹಿಸುವ ಎಂಟಿ ಎಂಬ ಭಾಗದ ಪಾತ್ರ ದೊಡ್ಡದು. ಅಲ್ಲಿನ ನರಕೋಶಗಳ ಕಿಂಡಿ ವಿ1ಕ್ಕಿಂತ ಬಹಳ ಅಗಲ. ಕ್ರಿಸ್ಟೋಫರ್ ಪ್ಯಾಕ್ ಮತ್ತು ರಿಚರ್ಡ್ ಬಾರ್ನ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಂಗಗಳಿಗೆ ಓರೆ ಪಟ್ಟಿಗಳ ಚಲನೆ ತೋರಿಸಿದಾಗ, ಎಂಟಿ ನರಕೋಶಗಳು ಮೊದಲು ನಿಮ್ಮ ದುಂಡು ಕಿಂಡಿಯಲ್ಲಿ ಕಂಡಂಥ ತಪ್ಪು ಉತ್ತರವನ್ನೇ ಕೊಟ್ಟವು. ಸುಮಾರು 60 ಮಿಲಿಸೆಕೆಂಡುಗಳ ಅವಧಿಯಲ್ಲಿ ಮೆಲ್ಲಗೆ ನಿಜವಾದ ದಿಕ್ಕಿಗೆ ತಿರುಗಿದವು. ಪಟ್ಟಿಯನ್ನು ಹಿಂಬಾಲಿಸುತ್ತಿದ್ದ ಮಂಗಗಳ ಕಣ್ಣುಗಳೂ ಮೊದಲು ಅದೇ ತಪ್ಪು ದಿಕ್ಕಿಗೆ ವಾಲಿ, ಆಮೇಲೆ ಸರಿದಾರಿಗೆ ಬಂದವು.